'ದ ಲಾಸ್ಟ್ ಜೆಡೈ' ಬಂದಾಗ ಸ್ಟಾರ್ ವಾರ್ಸ್ ಅಭಿಮಾನಿಗಳು ಎರಡು ಪಾಳಯವಾದದ್ದೇಕೆ?

ಮುಖ್ಯ ಕಾರಣ ಸರಣಿಯ ಮೊದಲ ಚಿತ್ರಗಳ ನಾಯಕ ಲ್ಯೂಕ್ ಸ್ಕೈವಾಕರ್. ಇದರ ಹಿಂದಿನ, 2015ರ ಚಿತ್ರ ಮುಗಿಯುವುದೇ ಹೊಸ ನಾಯಕಿ ರೇ ಅವನತ್ತ ಲೈಟ್‌ಸೇಬರ್ (ಬೆಳಕಿನ ಕತ್ತಿ) ಚಾಚುವಲ್ಲಿ. ಎರಡು ವರ್ಷ ಕಾದವರ ಕಣ್ಣೆದುರೇ, 2017ರ ಡಿಸೆಂಬರಿನಲ್ಲಿ, ಅವನು ಅದನ್ನು ಇಸಿದುಕೊಂಡು ಭುಜದ ಮೇಲಿಂದ ಹಿಂದಕ್ಕೆ ಎಸೆದುಬಿಟ್ಟ. ಖಳನಾಗಿದ್ದ ತನ್ನ ತಂದೆ ಡಾರ್ತ್ ವೇಡರನಲ್ಲೂ ಒಳ್ಳೆಯತನ ಕಂಡವನು ಮಲಗಿದ್ದ ಸೋದರಳಿಯನೆದುರು ಕತ್ತಿ ಹೊತ್ತಿಸಿದ ಎಂಬುದನ್ನು ಅನೇಕರಿಗೆ ಅರಗಿಸಿಕೊಳ್ಳಲಾಗಲಿಲ್ಲ. ಮೆಚ್ಚಿದವರು ತೋರಿಸುವುದು 1983ರ ಚಿತ್ರವನ್ನು: ಅಲ್ಲೂ ವೇಡರನು ಲ್ಯೂಕನ ತಂಗಿಯ ಮಾತೆತ್ತಿದ ಕೂಡಲೇ ಲ್ಯೂಕ್ ಕೆರಳಿ ವೇಡರನ ಕೈ ಕತ್ತರಿಸುತ್ತಾನೆ, ಆಮೇಲೆ ತನ್ನನ್ನು ತಡೆದುಕೊಂಡು ಆಯುಧ ಎಸೆಯುತ್ತಾನೆ. ನನಗೆ ಈ ವಾದವೇ ಗಟ್ಟಿ ಅನಿಸುತ್ತದೆ, ದೌರ್ಬಲ್ಯ ಮೊದಲಿಂದಲೂ ಅವನಲ್ಲಿತ್ತು.

ಪ್ರತಿರೋಧ ಪಡೆಯ ಅಧಿಕಾರಿ ಹೋಲ್ಡೊಳ ದೃಶ್ಯದ ತಕರಾರು ಬೇರೆ ಬಗೆಯದು. ಆಕೆ ತನ್ನ ಹಡಗನ್ನು ಹೈಪರ್‌ಸ್ಪೇಸ್ ವೇಗದಲ್ಲಿ, ಅಂದರೆ ಬೆಳಕನ್ನೂ ಮೀರಿದ ವೇಗದಲ್ಲಿ, ಶತ್ರುನೌಕೆಗೆ ನುಗ್ಗಿಸುತ್ತಾಳೆ, ಪರದೆ ಬೆಳ್ಳಗಾಗುತ್ತದೆ, ಕೆಲವು ಸೆಕೆಂಡು ಸದ್ದೇ ಇಲ್ಲ. ನೋಡಲು ಅದ್ಭುತ. ಆದರೆ ಇದು ಸಾಧ್ಯವಿದ್ದರೆ ಹಳೆಯ ಚಿತ್ರಗಳ ದೈತ್ಯ ಶತ್ರುನೆಲೆ ಡೆತ್ ಸ್ಟಾರ್ ಮೇಲೂ ಹೀಗೇ ಏಕೆ ಮಾಡಲಿಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸರಣಿಯ ಮುಂದಿನ, 2019ರ ಚಿತ್ರ ಇದನ್ನು ಲಕ್ಷಕ್ಕೊಂದು ಎಂಬಂಥ ಅಪರೂಪದ ಅದೃಷ್ಟವೆಂದು ಒಂದೇ ಸಾಲಿನಲ್ಲಿ ತೇಲಿಸಿತು.

ಜೂಜಿನ ನಗರ ಕ್ಯಾಂಟೊ ಬೈಟ್‌ನಲ್ಲಿ ನಡೆಯುವ ಭಾಗ ಉದ್ದವಾಯಿತು ಎಂಬುದನ್ನು ಎರಡೂ ಕಡೆಯ ಹಲವರು ಒಪ್ಪುತ್ತಾರೆ.

ಅಂಕಿಗಳನ್ನು ಮುಂದಿಡುವಾಗ ಎಚ್ಚರ: ಚಿತ್ರಮಂದಿರದಿಂದ ಹೊರಬರುವವರನ್ನೇ ಕೇಳುವ ಸಿನಿಮಾಸ್ಕೋರ್‌ನಲ್ಲಿ ಇದಕ್ಕೆ 'ಎ' ದರ್ಜೆ. ವಿಮರ್ಶೆಗಳ ಜಾಲತಾಣ ರಾಟನ್ ಟೊಮೆಟೋಸ್‌ನ ಪ್ರೇಕ್ಷಕ ಅಂಕ ಮಾತ್ರ ಶೇ. 50ಕ್ಕೂ ಕೆಳಗೆ. ಅಲ್ಲಿ ಆಗ ಯಾರು ಬೇಕಾದರೂ, ಟಿಕೆಟ್ ಕೊಂಡ ಪುರಾವೆಯಿಲ್ಲದೆ, ಅಂಕ ಕೊಡಬಹುದಿತ್ತು.