ಪಿಯಾನೊ ಕೆಟ್ಟಿಲ್ಲ, ವೈರ್ ಹಾಕಿದ ಜಾಗ ಸರಿಯಿಲ್ಲ

ಡಿಜಿಟಲ್ ಪಿಯಾನೊ ಶಬ್ದವನ್ನು ಮನೆಯ ಕಂಪ್ಯೂಟರ್‌ಗೆ ಇಳಿಸೋದು ಹೇಗೆ ಅಂತ ಕೇಳುವವರು ನಿಲ್ಲುತ್ತಲೇ ಇಲ್ಲ. ಎಷ್ಟೋ ಜನ ಆಗಲೇ ದುಡ್ಡು ಕಳೆದುಕೊಂಡು ಆಮೇಲೆ ಬರೆಯುತ್ತಾರೆ. ಅದನ್ನು ಓದಿದಾಗ ನನಗೆ ಸಿಟ್ಟು ಬರುತ್ತೆ, ನಿಮ್ಮ ಮೇಲಲ್ಲ, ನಿಮಗೆ ಬೇಡದ್ದನ್ನು ಮಾರಿದವರ ಮೇಲೆ. ಹಾಗಾಗಿ ಈ ಸಲ ಒಂದೇ ಪ್ರಶ್ನೆಗೆ ಜಾಸ್ತಿ ಜಾಗ. ಸಾಫ್ಟ್‌ವೇರ್ ಹಾಕಿಕೊಳ್ಳೋದು, ಫೈಲ್ ಸೇವ್ ಮಾಡೋದು ಇದನ್ನೆಲ್ಲ ನಾನು ಹೇಳಲ್ಲ. ಮನೆಯಲ್ಲಿ ಹೈಸ್ಕೂಲ್ ಓದೋ ಮಕ್ಕಳಿದ್ದರೆ ಅವರನ್ನೇ ಕೇಳಿ.

ಪ್ರಶ್ನೆ: ಮಗಳಿಗೆ ಡಿಜಿಟಲ್ ಪಿಯಾನೊ ಕೊಡಿಸಿದ್ದೇವೆ ಸರ್. ಅವಳು ನುಡಿಸಿದ್ದನ್ನು ರೆಕಾರ್ಡ್ ಮಾಡಿ ಬೆಂಗಳೂರಿನ ಟೀಚರ್‌ಗೆ ಕಳಿಸಬೇಕು. ಯುಎಸ್‌ಬಿ ವೈರ್ ಹಾಕಿದೆವು, ಕಂಪ್ಯೂಟರ್‌ನಲ್ಲಿ ಶಬ್ದವೇ ಬರಲಿಲ್ಲ. ಹೆಡ್‌ಫೋನ್ ಜ್ಯಾಕ್‌ನಿಂದ ಲ್ಯಾಪ್‌ಟಾಪ್‌ಗೆ ವೈರ್ ಹಾಕಿದರೆ ಗುಂಯ್ ಅನ್ನುತ್ತೆ, ಜೋರಾಗಿ ನುಡಿಸಿದರೆ ಶಬ್ದ ಒಡೆಯುತ್ತೆ. ಅಂಗಡಿಯವರು ಚಿನ್ನದ ಲೇಪ ಇರೋ ವೈರ್ ಕೊಟ್ಟರು, ಆಗಲೂ ಅದೇ ಕಥೆ. ಪಿಯಾನೊ ಕೆಟ್ಟಿದೆಯಾ?
ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಕೆಟ್ಟಿಲ್ಲಮ್ಮ. ದಯವಿಟ್ಟು ಯಾರ ಹತ್ತಿರಾನೂ ಅದನ್ನು ಬಿಚ್ಚಿಸಬೇಡಿ.

ಮೊದಲು ಯುಎಸ್‌ಬಿ ವಿಷಯ. ಆ ವೈರ್‌ನಲ್ಲಿ ಹೋಗೋದು ಸಾಮಾನ್ಯವಾಗಿ ಶಬ್ದ ಅಲ್ಲ, ಮಿಡಿ. 1983ರಿಂದ ಬಳಕೆಯಲ್ಲಿರುವ ಪದ್ಧತಿ ಅದು. ಯಾವ ಕೀ ಒತ್ತಿದರು, ಯಾವಾಗ ಬಿಟ್ಟರು, ಎಷ್ಟು ವೇಗವಾಗಿ ಒತ್ತಿದರು (ಇದಕ್ಕೆ 127ರವರೆಗೆ ಅಂಕಿ ಕೊಡುತ್ತೆ), ಪೆಡಲ್ ತುಳಿದರಾ ಇಲ್ಲವಾ, ಇಷ್ಟೇ ಅದರಲ್ಲಿ ಹೋಗುತ್ತೆ. ನಾಟಕದ ಹಾರ್ಮೋನಿಯಂ ಮೇಷ್ಟ್ರು ಪುಸ್ತಕದಲ್ಲಿ ಸ್ವರ ಬರೆದುಕೊಟ್ಟ ಹಾಗೆ. ಪುಸ್ತಕ ಕಿವಿಗೆ ಹಿಡಿದರೆ ಹಾರ್ಮೋನಿಯಂ ಕೇಳಿಸುತ್ತಾ? ಆ ಸ್ವರ ಓದಿ ನುಡಿಸುವ ಇನ್ನೊಂದು ಪಿಯಾನೊ ಸಾಫ್ಟ್‌ವೇರ್ ನಿಮ್ಮ ಕಂಪ್ಯೂಟರ್‌ನಲ್ಲಿ ಇರಬೇಕು, ಆಗ ಕೇಳಿಸೋದು ಆ ಸಾಫ್ಟ್‌ವೇರ್ ಶಬ್ದ, ನೀವು ದುಡ್ಡು ಕೊಟ್ಟು ತಂದ ಪಿಯಾನೊದ್ದಲ್ಲ. ಕೆಲವು ಮಾಡೆಲ್‌ಗಳು ಮಾತ್ರ ಅದೇ ವೈರ್‌ನಲ್ಲಿ ಶಬ್ದವನ್ನೂ ಕಳಿಸುತ್ತವೆ. ಯಮಹಾ ಪಿ-125 ಕಳಿಸುತ್ತೆ, ಅದೇ ಕಂಪನಿಯ ಪಿ-45 ಕಳಿಸಲ್ಲ. ನಿಮ್ಮದು ಯಾವ ಮಾಡೆಲ್ ಅಂತ ನೀವು ಬರೆದಿಲ್ಲ. ಮ್ಯಾನ್ಯುಯಲ್‌ನಲ್ಲಿ ಯುಎಸ್‌ಬಿ ಆಡಿಯೊ ಅಂತ ಇದೆಯಾ ನೋಡಿ. ಇದ್ದರೆ ನಿಮ್ಮ ಕೆಲಸ ಅಲ್ಲಿಗೇ ಮುಗೀತು, ಮುಂದೆ ಓದೋದೇ ಬೇಡ.

ಪೆನ್‌ಡ್ರೈವ್ ಹಾಕುವ ಚಪ್ಪಟೆ ಪೋರ್ಟ್ ಇದೆಯಾ ಅಂತಲೂ ನೋಡಿ. ಎಷ್ಟೋ ಪಿಯಾನೊಗಳು ಪೆನ್‌ಡ್ರೈವ್‌ಗೇ ನೇರವಾಗಿ ರೆಕಾರ್ಡ್ ಮಾಡುತ್ತವೆ. ವೈರೂ ಬೇಡ, ಗುಂಯ್ ಶಬ್ದವೂ ಇಲ್ಲ. ಇದನ್ನು ಯಾವ ಅಂಗಡಿಯವರೂ ಹೇಳಲ್ಲ, ಯಾಕಂದ್ರೆ ಇದರಲ್ಲಿ ಮಾರೋದಕ್ಕೆ ಏನೂ ಇಲ್ಲ.

ಎರಡೂ ಇಲ್ಲ ಅಂದರೆ ಹೆಡ್‌ಫೋನ್ ಜ್ಯಾಕೇ ಗತಿ. ಈಗ ಲ್ಯಾಪ್‌ಟಾಪ್‌ನ ಆ ಒಂದೇ ಒಂದು ಜ್ಯಾಕ್ ವಿಷಯ. ಅದರಲ್ಲಿ ಒಳಗೆ ಹೋಗುವ ದಾರಿ ಫೋನ್ ಹೆಡ್‌ಸೆಟ್‌ನ ಪುಟ್ಟ ಮೈಕ್‌ಗೋಸ್ಕರ ಮಾಡಿದ್ದು. ಅದೂ ಒಂದೇ ಚಾನಲ್, ಎಡ ಬಲ ಅಂತ ಇಲ್ಲ. ಮೈಕ್‌ನಿಂದ ಬರೋದು ಕೆಲವೇ ಮಿಲಿವೋಲ್ಟ್, ಪಿಯಾನೊದ ಹೆಡ್‌ಫೋನ್ ಜ್ಯಾಕ್‌ನಿಂದ ಬರೋದು ಅದರ ನೂರಾರು ಪಟ್ಟು. ಭದ್ರಾ ನಾಲೆ ನೀರನ್ನು ತೋಟದ ಡ್ರಿಪ್ ಪೈಪಿಗೆ ಬಿಟ್ಟರೆ ಏನಾಗುತ್ತೆ? ಒಡೆಯುತ್ತೆ. ನಿಮ್ಮ ಮಗಳು ಜೋರಾಗಿ ನುಡಿಸಿದಾಗ ಆಗುತ್ತಿರೋದು ಅದೇ. ವೈರ್‌ಗೆ ಚಿನ್ನದ ಲೇಪ ಇದ್ದರೆ ಪಿನ್ ತುಕ್ಕು ಹಿಡಿಯಲ್ಲ ಅಷ್ಟೇ. ಶಬ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಸಾಧ್ಯ ಇದ್ದರೆ ಆ ವೈರ್ ವಾಪಸ್ ಕೊಟ್ಟು ಬನ್ನಿ.

ಮನೆಯಲ್ಲಿ ಡೆಸ್ಕ್‌ಟಾಪ್ ಇದ್ದರೆ ಅದರ ಹಿಂದೆ ನೋಡಿ. ಗುಲಾಬಿ ಜ್ಯಾಕ್ ಮೈಕ್‌ಗೆ, ಹಸಿರು ಸ್ಪೀಕರ್‌ಗೆ, ನೀಲಿ ಲೈನ್ ಇನ್, ಅಂದರೆ ಪಿಯಾನೊದಂಥ ಸಾಧನದ ಜೋರು ಶಬ್ದವನ್ನು ಒಳಗೆ ತೆಗೆದುಕೊಳ್ಳೋ ಜಾಗ. ಆ ನೀಲಿಗೆ ಹಾಕಿ. ಅದು ಸ್ಟೀರಿಯೊ, ಅಂದರೆ ಎಡ ಬಲ ಎರಡೂ ಇದೆ, ಈ ಕೆಲಸಕ್ಕೇ ಇರೋದು. ತುಂಬಾ ಚೆನ್ನಾಗಿಲ್ಲದಿದ್ದರೂ ಟೀಚರ್‌ಗೆ ಕಳಿಸೋದಕ್ಕೆ ಧಾರಾಳ.

ಲ್ಯಾಪ್‌ಟಾಪ್ ಮಾತ್ರ ಇದ್ದರೆ ಮಧ್ಯೆ ಒಂದು ಆಡಿಯೊ ಇಂಟರ್‌ಫೇಸ್ ಬೇಕು, ಪಿಯಾನೊ ಶಬ್ದವನ್ನು ತೆಗೆದುಕೊಂಡು ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್‌ಗೆ ಕೊಡುವ ಪುಟ್ಟ ಪೆಟ್ಟಿಗೆ ಅದು. ಇದೊಂದಕ್ಕೆ ಮಾತ್ರ ದುಡ್ಡು ಖರ್ಚು ಮಾಡಿ ಅಂತ ನಾನು ಹೇಳ್ತೀನಿ. ಎರಡು ಇನ್‌ಪುಟ್ ಇರಬೇಕು, ಎರಡೂ ಮೈಕ್ ಮಾತ್ರ ಅಲ್ಲದೆ ಲೈನ್ ಶಬ್ದವನ್ನೂ ತೆಗೆದುಕೊಳ್ಳಬೇಕು. ಫೋಕಸ್‌ರೈಟ್ ಸ್ಕಾರ್ಲೆಟ್ 2ಐ2 ಅಥವಾ ಬೆಹರಿಂಗರ್ ಯುಎಂಸಿ202ಎಚ್‌ಡಿ, ಇಂಥದ್ದು ಯಾವುದಾದರೂ ಆಗಬಹುದು. ಒಂದು ಮೈಕ್, ಒಂದು ಗಿಟಾರ್ ಅಂತ ಇರೋ ಚಿಕ್ಕದನ್ನು ತಂದು ಆಮೇಲೆ ಪಿಯಾನೊ ಒಂದೇ ಕಡೆ ಕೇಳಿಸುತ್ತೆ ಅಂತ ನನಗೆ ಬರೆಯಬೇಡಿ.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡ್ತಾರೆ, ಸ್ವಲ್ಪ ನಿಧಾನವಾಗಿ ಓದಿ. ಪಿಯಾನೊದ ಹೆಡ್‌ಫೋನ್ ಜ್ಯಾಕ್ ಸ್ಟೀರಿಯೊ. ಎರಡು ತುದಿಗೂ ಸ್ಟೀರಿಯೊ ಪಿನ್ ಇರೋ ಒಂದು ವೈರ್ ತಂದು ಇಂಟರ್‌ಫೇಸ್‌ನ ಒಂದೇ ಇನ್‌ಪುಟ್‌ಗೆ ಹಾಕಿದರೆ ಅದು ಎಡದಿಂದ ಬಲವನ್ನು ಕಳೆದು, ಉಳಿದದ್ದನ್ನು ಮಾತ್ರ ಕೊಡುತ್ತೆ. ಎರಡೂ ಕಡೆ ಸಮವಾಗಿ ಇರೋ ಶಬ್ದ ಮಾಯ ಆಗುತ್ತೆ. ಪಿಯಾನೊದಲ್ಲಿ ಮಧ್ಯದ ಸ್ವರಗಳು ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿಯೇ ಇರುತ್ತವೆ, ಅಂದರೆ ನಿಮ್ಮ ಮಗಳು ಜಾಸ್ತಿ ನುಡಿಸುವ ಜಾಗವೇ ಟೊಳ್ಳಾಗಿ, ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತೆ. ಜನ ಪಿಯಾನೊವನ್ನೇ ಬೈತಾರೆ. ನಿಮಗೆ ಬೇಕಾಗಿರೋದು ಒಂದು ಕಡೆ ಒಂದು ಸ್ಟೀರಿಯೊ ಪಿನ್, ಇನ್ನೊಂದು ಕಡೆ ಎರಡು ಮೋನೊ ಪಿನ್ ಇರೋ ವೈ ಕೇಬಲ್. ಪಿನ್ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಸ್ಟೀರಿಯೊ, ಒಂದೇ ಇದ್ದರೆ ಮೋನೊ. ಪಿಯಾನೊ ಹಿಂದೆ ಲೈನ್ ಔಟ್ ಅಂತ ಎರಡು ಜ್ಯಾಕ್ ಇದ್ದರೆ ಇನ್ನೂ ಒಳ್ಳೇದು, ಎರಡು ಮೋನೊ ವೈರ್ ಸಾಕು. ಇಂಟರ್‌ಫೇಸ್‌ನಲ್ಲಿ ಗಿಟಾರ್‌ಗೆ ಅಂತ ಇರೋ ಇನ್‌ಸ್ಟ್ರುಮೆಂಟ್ ಬಟನ್ ಆಫ್, 48 ವೋಲ್ಟ್ ಬಟನ್ ಆಫ್. ಆ 48 ವೋಲ್ಟ್ ಕೆಲವು ಮೈಕ್‌ಗಳಿಗೆ ಬೇಕಾಗುತ್ತೆ, ಪಿಯಾನೊಗೆ ಅಲ್ಲ.

ಇನ್ನು ಗುಂಯ್ ಶಬ್ದ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ ನೋಡಿ. ಸಾಮಾನ್ಯವಾಗಿ ಅಷ್ಟಕ್ಕೇ ಹೋಗುತ್ತೆ. ನಮ್ಮ ಕರೆಂಟ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ತುಯ್ಯುತ್ತೆ, ಆ ತುಯ್ತವೇ ಗುಂಯ್ ಅನ್ನೋದು. ಪಿಯಾನೊ ಒಂದು ಪ್ಲಗ್‌ನಲ್ಲಿ, ಲ್ಯಾಪ್‌ಟಾಪ್ ಇನ್ನೊಂದು ಕೋಣೆಯ ಪ್ಲಗ್‌ನಲ್ಲಿ ಇದ್ದಾಗ ಎರಡರ ಅರ್ಥಿಂಗ್ ಮಧ್ಯೆ ಇರೋ ಸಣ್ಣ ವ್ಯತ್ಯಾಸ ಆಡಿಯೊ ವೈರ್‌ನೊಳಗೆ ಹರಿದು ಹಾಗೆ ಕೇಳಿಸುತ್ತೆ. ಎರಡನ್ನೂ ಒಂದೇ ಸ್ಪೈಕ್ ಬೋರ್ಡ್‌ಗೆ ಹಾಕಿ. ಆಗಲೂ ಹೋಗದಿದ್ದರೆ ಪಿಯಾನೊಗೂ ಇಂಟರ್‌ಫೇಸ್‌ಗೂ ಮಧ್ಯೆ ಹಾಕುವ ಡಿಐ ಬಾಕ್ಸ್ ಅನ್ನೋ ಪೆಟ್ಟಿಗೆ ಸಿಗುತ್ತೆ, ಒಳಗೆ ಟ್ರಾನ್ಸ್‌ಫಾರ್ಮರ್ ಇರೋದನ್ನೇ ಕೇಳಿ ತನ್ನಿ.

ಆದರೆ ಅರ್ಥ್ ಪಿನ್ ಮುರಿದು ಹಾಕಿದರೆ ಶಬ್ದ ಹೋಗುತ್ತೆ ಅಂತ ಹೇಳಿಕೊಡುವವರು ನಮ್ಮೂರಲ್ಲಿ ಇದ್ದಾರೆ. ಅವರ ಮಾತು ಕೇಳಲೇಬೇಡಿ. ಶಬ್ದ ಹೋಗಬಹುದು. ಯಾವತ್ತೋ ಒಂದು ದಿನ ಒಳಗೆ ವೈರ್ ಸಡಿಲ ಆದರೆ ಆ ಕರೆಂಟ್ ಹೋಗೋದಕ್ಕೆ ಇರೋ ಇನ್ನೊಂದೇ ದಾರಿ ನಿಮ್ಮ ಮಗಳ ಬೆರಳು. ಹೀಗೆ ಪಿನ್ ಮುರಿದ ಒಂದು ಆಂಪ್ಲಿಫೈಯರ್ ನನಗೇ ಒಮ್ಮೆ ಹೊಡೆದಿದೆ, ಭುಜದವರೆಗೆ ಜುಮ್ ಅಂದು ಕೈ ಒಂದು ಗಂಟೆ ಸರಿಯಾಗಿ ಆಡಲಿಲ್ಲ. ಅವತ್ತಿಂದ ಯಾರ ಮನೆಗೆ ಹೋದರೂ ಮೊದಲು ಪ್ಲಗ್ ನೋಡ್ತೀನಿ. ಬೇಸಿಗೆಯಲ್ಲಿ ನಮ್ಮ ಕಡೆ ಅರ್ಥಿಂಗ್ ಗುಂಡಿ ಒಣಗಿ ಕಲ್ಲಾಗಿರುತ್ತೆ. ಅದಕ್ಕೆ ನೀರು ಹಾಕಿ, ಎಲೆಕ್ಟ್ರಿಷಿಯನ್ ಕರೆಸಿ ಒಂದು ಸಲ ಚೆಕ್ ಮಾಡಿಸಿ.

ಎಲ್ಲ ಸರಿ ಆದ ಮೇಲೆ ಲೆವೆಲ್, ಅಂದರೆ ಶಬ್ದ ಎಷ್ಟು ಜೋರಾಗಿ ರೆಕಾರ್ಡ್ ಆಗಬೇಕು ಅನ್ನೋದು. ಮಗಳಿಗೆ ಆ ಪಾಠದ ಅತಿ ಜೋರಾದ ಭಾಗ ನುಡಿಸೋದಕ್ಕೆ ಹೇಳಿ. ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬಲ್ ಮಧ್ಯೆ ಇರಲಿ. ಸೊನ್ನೆ ಮುಟ್ಟಿದರೆ ಒಡೆದ ಹಾಗೇ ಲೆಕ್ಕ, ಆಮೇಲೆ ಯಾರೂ ಸರಿ ಮಾಡೋಕಾಗಲ್ಲ. 24 ಬಿಟ್‌ನಲ್ಲಿ (ಶಬ್ದವನ್ನು ಹೆಚ್ಚು ಸೂಕ್ಷ್ಮವಾಗಿ ಅಳೆಯುವ ಸೆಟ್ಟಿಂಗ್) ರೆಕಾರ್ಡ್ ಮಾಡಿದರೆ ಸ್ವಲ್ಪ ಕಡಿಮೆ ಲೆವೆಲ್ ಇದ್ದರೂ ನಷ್ಟ ಇಲ್ಲ, ಆಮೇಲೆ ಏರಿಸಬಹುದು. ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಉಚಿತ, ಅದೇ ಸಾಕು. ಸ್ಟೀರಿಯೊ ಆರಿಸಿ. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಆಡಿಯೊ ಎನ್‌ಹಾನ್ಸ್‌ಮೆಂಟ್ ಅಂತ ಇರೋದನ್ನು ಆಫ್ ಮಾಡಿ, ನಾಯ್ಸ್ ಸಪ್ರೆಶನ್ ಇದ್ದರೆ ಅದನ್ನೂ. ಅವು ಮನುಷ್ಯರ ಮಾತಿಗೆ ಮಾಡಿದ್ದು. ಪೆಡಲ್ ತುಳಿದಾಗ ಸ್ವರ ಮೆಲ್ಲಗೆ ಕರಗುತ್ತಲ್ವಾ, ಅದನ್ನು ಗಲಾಟೆ ಅಂದುಕೊಂಡು ನುಂಗಿಬಿಡುತ್ತವೆ. ಮಗು ಪೆಡಲ್ ಸರಿಯಾಗಿ ಬಿಟ್ಟಿತಾ ಅಂತ ಟೀಚರ್ ಕೇಳೋದೇ ಆ ಜಾಗದಲ್ಲಿ. ಅವಳ ಕೈ ಮೆಲ್ಲಗೆ ಬಿದ್ದದ್ದು ಅಲ್ಲಿಗೂ ಮೆಲ್ಲಗೇ ಕೇಳಿಸಬೇಕು.

ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. 16 ಬಿಟ್, 44.1 ಕಿಲೊಹರ್ಟ್ಸ್ ಸ್ಟೀರಿಯೊ ವೇವ್ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತೆ, ಕಳಿಸೋದಕ್ಕೆ ಕಷ್ಟ ಇಲ್ಲ.

ಉಳಿದ ಪ್ರಶ್ನೆಗಳು.

ಪಿಯಾನೊಗೆ 192 ಕಿಲೊಹರ್ಟ್ಸ್‌ನಲ್ಲಿ ರೆಕಾರ್ಡ್ ಮಾಡಿದರೆ ಒಳ್ಳೆಯದಾ? (ಚಿತ್ರದುರ್ಗ)
ಬೇಡ. ಕೊನೆಯ ಕೀಯ ಮೂಲ ಸ್ವರವೇ 4186 ಹರ್ಟ್ಸ್, ನಮ್ಮ ಕಿವಿ 20,000 ಹರ್ಟ್ಸ್ ದಾಟಲ್ಲ. 44.1 ಅಥವಾ 48 ಸಾಕು, ಅದರ ಅರ್ಧದವರೆಗಿನ ಶಬ್ದವೆಲ್ಲ ಅದರಲ್ಲಿ ಹಿಡಿಯುತ್ತೆ.

ಚರ್ಚ್ ಕ್ವೈರ್‌ಗೆ ನುಡಿಸುತ್ತೇನೆ. ಆಡಾಸಿಟಿಯಲ್ಲಿ ಮಿಡಿ ರೆಕಾರ್ಡ್ ಆಗುತ್ತಿಲ್ಲ. (ಹರಿಹರ)
ಅದರಲ್ಲಿ ಆಗಲ್ಲ. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಕೀ ಒತ್ತಿದ ಮೇಲೆ ಶಬ್ದ ತಡವಾಗಿ ಬಂದರೆ ಇಂಟರ್‌ಫೇಸ್ ಕಂಪನಿಯದ್ದೇ ಡ್ರೈವರ್ ಹಾಕಿ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಶಬ್ದದ ಪ್ರಮಾಣ) 128ಕ್ಕೆ ಇಳಿಸಿ.

ಎಂಪಿ3ಯನ್ನು ವೇವ್ ಮಾಡಿದರೆ ಕ್ವಾಲಿಟಿ ವಾಪಸ್ ಬರುತ್ತಾ? ಒಬ್ಬರು ದುಡ್ಡು ತಗೊಂಡು ಮಾಡಿಕೊಡುತ್ತಾರೆ. (ದಾವಣಗೆರೆ)
ಬರಲ್ಲ. ಹೋದದ್ದು ಹೋಯಿತು. ಅವರು ನಿಮಗೆ ಮೋಸ ಮಾಡುತ್ತಿದ್ದಾರೆ.

ಮೊಬೈಲನ್ನೇ ಪಿಯಾನೊ ಮುಂದೆ ಇಟ್ಟು ರೆಕಾರ್ಡ್ ಮಾಡಿದರೆ ಸಾಲದೇ? (ಹೊಳಲ್ಕೆರೆ)
ಬೆರಳು ಸರಿ ಬೀಳುತ್ತಿದೆಯಾ ನೋಡೋದಕ್ಕೆ ಸಾಕು. ಫ್ಯಾನ್ ಆಫ್ ಮಾಡಿ.

ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಆಂಪ್ಲಿಫೈಯರ್‌ನ ಸ್ಪೀಕರ್ ಔಟ್‌ನಿಂದ ಕಂಪ್ಯೂಟರ್‌ಗೆ ಹಾಕಬಹುದಾ? (ಚಳ್ಳಕೆರೆ)
ಖಂಡಿತ ಬೇಡ, ಕಂಪ್ಯೂಟರ್ ಸುಟ್ಟು ಹೋಗಬಹುದು. ಆಗಲೇ ವೈರ್ ಹಾಕಿಟ್ಟಿದ್ದರೆ ಮೊದಲು ಆಂಪ್ಲಿಫೈಯರ್ ಆಫ್ ಮಾಡಿ, ಆಮೇಲೆ ಕೀಳಿ.