ಹೊಟ್ಟೆಯಿಂದ ಜೊಲ್ಲಿಗೆ ಕೊಳವೆಯಿಲ್ಲ

ಮಾನ್ಯರೇ,

ಸೊಳ್ಳೆಯೊಳಗಿನ ಮಲೇರಿಯಾ ಕುರಿತ ನಿಮ್ಮ ಲೇಖನ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಭಾಷೆ ಸೊಗಸಾಗಿದೆ, ‘ಚಳಿಜ್ವರ’ ಎಂಬ ಹಳೆಯ ಮಾತು ಬಳಸಿದ್ದೂ ಹಿಡಿಸಿತು. ಆದರೆ “ರಕ್ತದ ಜೊತೆ ಹೊಟ್ಟೆ ಸೇರಿದ ರೋಗಾಣು ಬೆಳೆದು ಜೊಲ್ಲಿಗೆ ಬರುತ್ತದೆ” ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಲೇಖನ ಇರಬೇಕಾದದ್ದೇ ಆ ಸಾಲಿನೊಳಗೆ. ಕರುಳಿನಿಂದ ಜೊಲ್ಲುಗ್ರಂಥಿಗೆ ಹೋಗುವ ಕೊಳವೆ ಇಲ್ಲ. ರೋಗಾಣು ಎರಡು ಜೀವಂತ ಗೋಡೆಗಳನ್ನು, ಎರಡು ಬೇರೆ ರೂಪಗಳಲ್ಲಿ ದಾಟಬೇಕು.

ಮೊದಲ ಗೋಡೆ ಮಧ್ಯಕರುಳಿನದು. ಹೀರಿದ ರಕ್ತದಲ್ಲಿ ರೋಗಾಣುವಿನ ಗಂಡು-ಹೆಣ್ಣು ರೂಪಗಳಾದ ಗೆಮಿಟೋಸೈಟ್‌ಗಳಷ್ಟೇ ಮುಂದುವರಿಯುತ್ತವೆ, ಉಳಿದವು ಜೀರ್ಣವಾಗುತ್ತವೆ. ತಾಪ ಇಳಿದು, ಸೊಳ್ಳೆಯ ಕ್ಸಾಂಥುರೆನಿಕ್ ಆಮ್ಲ ತಗುಲಿದೊಡನೆ, 10–15 ನಿಮಿಷದಲ್ಲಿ ಒಂದು ಗಂಡು ಗೆಮಿಟೋಸೈಟ್ 8 ಗಂಡು ಲಿಂಗಾಣುಗಳಾಗಿ ಸಿಡಿಯುತ್ತದೆ. ಹೆಣ್ಣಿನೊಡನೆ ಕೂಡಿ ಸುಮಾರು ಒಂದು ದಿನದಲ್ಲಿ ಊಕೈನೀಟ್ ಎಂಬ ಚಲಿಸುವ ರೂಪ ಸಿದ್ಧ. ಇದಕ್ಕೆ ಅವಸರವಿದೆ: ಸುತ್ತಲಿನ ರಕ್ತ ಜೀರ್ಣವಾಗುತ್ತಿದೆ, ರಕ್ತದ ಮುದ್ದೆಯ ಸುತ್ತ ಕೈಟಿನ್ ಪೊರೆ ಕಟ್ಟುತ್ತಿದೆ. ಕೈಟಿನೇಸ್ ಕಿಣ್ವದಿಂದ ಪೊರೆ ಕರಗಿಸಿ ಅದು ಕರುಳಿನ ಕೋಶವನ್ನು ಹೊಗುತ್ತದೆ. ಹೊಕ್ಕ ಕೋಶ ಸಾಯುತ್ತಾ ಕರುಳಿನೊಳಕ್ಕೆ ಕಳಚಿಕೊಳ್ಳುತ್ತದೆ. ಅಷ್ಟರಲ್ಲಿ ಹೊರಬೀಳದಿದ್ದರೆ ಊಕೈನೀಟ್ ಕೂಡ ಕೋಶದ ಜೊತೆಗೇ ಹೋಯಿತು. ಆಚೆ ಬದಿಯಲ್ಲಿ ಸೊಳ್ಳೆಯ ರಕ್ಷಣಾ ಪ್ರೋಟೀನು ಟಿಇಪಿ1 ಕಾದಿರುತ್ತದೆ. ಹೀಗಾಗಿ ಊಸಿಸ್ಟ್ (ಒಳಗೆ ರೋಗಾಣು ಹೆಚ್ಚುವ ಗುಳ್ಳೆ) ಆಗುವವರೆಗೆ ಉಳಿಯುವುದು ಸಾಮಾನ್ಯವಾಗಿ ಬೆರಳೆಣಿಕೆಯಷ್ಟು. ರೋಗಾಣು ಇಷ್ಟು ವಿರಳವಾಗುವ ಘಟ್ಟ ಸೊಳ್ಳೆಯೊಳಗೆ ಇನ್ನೊಂದಿಲ್ಲ, ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ.

ಚಿತ್ರವೂ ತಪ್ಪಿದೆ. ಊಸಿಸ್ಟ್‌ಗಳನ್ನು ಕರುಳಿನ ಒಳಗೆ ತೇಲಿಸಿದ್ದೀರಿ. ಅವು ಅಂಟಿರುವುದು ಹೊರಮೈಗೆ, ಕೋಶಪದರಕ್ಕೂ ಅದರ ತಳಪೊರೆಗೂ ನಡುವೆ.

ಮುಂದೆ ಸುಮಾರು 10–14 ದಿನ. ಒಂದೊಂದು ಊಸಿಸ್ಟ್‌ನಿಂದ ಸಾವಿರಾರು, ಸೋಂಕು ತಗುಲಿಸುವ ರೂಪವಾದ ಸ್ಪೋರೋಜೋಯಿಟ್‌ಗಳು ಸೊಳ್ಳೆಯ ದೇಹದ್ರವಕ್ಕೆ ಬೀಳುತ್ತವೆ. ಅವು ಗ್ರಂಥಿಯತ್ತ “ಈಜುತ್ತವೆ” ಎಂದು ಬರೆದಿದ್ದೀರಿ. ಈಜಲು ಅವಕ್ಕೆ ಬಾಲವಿಲ್ಲ, ದ್ರವದ ಹರಿವೇ ಒಯ್ಯುತ್ತದೆ. ಬಹುಪಾಲು ದಾರಿಯಲ್ಲೇ ನಾಶ. ಎರಡನೆಯ ಗೋಡೆ ಈ ಗ್ರಂಥಿಯದು. ಅದಕ್ಕೆ ತಗುಲಿದವು ಮೇಲ್ಮೈ ಕಚ್ಚಿ ಹಿಡಿದು, ತಮ್ಮ ಪೊರೆಯಡಿಯ ಆಕ್ಟಿನ್–ಮಯೋಸಿನ್ ಪ್ರೋಟೀನುಗಳ ಬಲದಿಂದ ಜಾರುತ್ತಾ ಒಳನುಗ್ಗುತ್ತವೆ. ಹಿಡಿತಕ್ಕೆ ಬೇಕಾದ ಟ್ರಾಪ್ ಪ್ರೋಟೀನನ್ನು ತೆಗೆದರೆ ಗ್ರಂಥಿ ಪ್ರವೇಶ ಕೆಡುತ್ತದೆ. ತಳಪೊರೆ, ಕೋಶ, ಜೊಲ್ಲಿನ ಕುಹರ, ನಾಳ: ಈ ಅನುಕ್ರಮ ಬಿಡಬೇಡಿ.

ಇತಿಹಾಸದ ಪ್ಯಾರಾದಲ್ಲಿ ಎರಡು ಶೋಧಗಳನ್ನು ಒಂದೇ ದಿನಕ್ಕೆ ಸೇರಿಸಿದ್ದೀರಿ. ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಕಂಡದ್ದು ಹೊಟ್ಟೆಯ ಗೋಡೆಯ ಮೇಲಿನ ಊಸಿಸ್ಟ್. ರೋಗಾಣು ಜೊಲ್ಲುಗ್ರಂಥಿ ಸೇರುವುದನ್ನು ಅವರು ಕಂಡದ್ದು 1898ರಲ್ಲಿ, ಕಲ್ಕತ್ತೆಯಲ್ಲಿ, ಹಕ್ಕಿಗಳ ಮಲೇರಿಯಾದಲ್ಲಿ.

ಮಂಗಳೂರಿನ ಓವರ್‌ಹೆಡ್ ಟ್ಯಾಂಕುಗಳಲ್ಲಿ ಹುಟ್ಟುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಉದಾಹರಣೆ ಉಳಿಸಿಕೊಳ್ಳಿ. ಆದರೆ ರೋಗಿಯನ್ನು ಕಚ್ಚಿದ “ಮರುದಿನವೇ” ಅದು ರೋಗ ಹರಡುವುದಿಲ್ಲ, ರೋಗಾಣು ಜೊಲ್ಲು ಸೇರುವವರೆಗೆ ಅಷ್ಟೂ ದಿನ ಬದುಕಿರಬೇಕು. ಪೀಠಿಕೆಯ ಎರಡು ಪ್ಯಾರಾ ತೆಗೆದು, ಆ ಜಾಗವನ್ನು ಕರುಳಿನ ಗೋಡೆಗೆ ಕೊಟ್ಟು, ಚಿತ್ರ ತಿದ್ದಿ ಮತ್ತೆ ಕಳಿಸಿ.

ಸಂಪಾದಕರು