ಐದಂತಸ್ತಿನ ಹಳೆಯ ಮಳಿಗೆ: ತೈನಾನ್ ಬಗ್ಗೆ ಓದುಗರು ಕೇಳಿದ್ದು

ತೈವಾನಿನ ತೈನಾನ್ ನಗರದ ದೇವಸ್ಥಾನಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಾಗ, ಅಲ್ಲಿನ ಹಯಾಶಿ ಎಂಬ ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರಿನ ಹೆಸರು ಒಂದೇ ಒಂದು ಸಾಲಿನಲ್ಲಿ ಬಂದಿತ್ತು. ಈ ಸಲದ ಪತ್ರಗಳೆಲ್ಲ ಆ ಸಾಲನ್ನೇ ಹಿಡಿದು ಬಂದಿವೆ. ಯಜಮಾನರ ಕೆಲಸದ ನಿಮಿತ್ತ ನಾವು ಆ ಊರಲ್ಲಿದ್ದಾಗ ಸಂಜೆ ಹೊತ್ತು ನಾನು ಹೆಚ್ಚು ಸುತ್ತಿದ್ದು ಅಂಗಡಿಬೀದಿಗಳಲ್ಲೇ. ದಾವಣಗೆರೆಯ ಬಟ್ಟೆ ಅಂಗಡಿಯವರ ಮಗಳು ನಾನು. ಯಾವ ಊರಿಗೆ ಹೋದರೂ ಮೊದಲು ಕಣ್ಣು ಹೋಗುವುದು ಅಂಗಡಿಯ ಕಡೆಗೇ.

ಪ್ರಶ್ನೆ: ನನ್ನ ಮಗ ತೈನಾನ್‌ನ ಚೆಂಗ್ ಕುಂಗ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾನೆ. ಜನವರಿಯಲ್ಲಿ ಅವನಲ್ಲಿಗೆ ಹೋಗುತ್ತಿದ್ದೇನೆ. “ಮಾಲ್‌ಗಳೆಲ್ಲ ಬೆಂಗಳೂರಿನ ಹಾಗೇ ಇವೆ, ನೋಡೋಕೇನೂ ಇಲ್ಲ ಅಮ್ಮಾ” ಅನ್ನುತ್ತಾನೆ. ನನಗೆ ಹಳೆಯ ಅಂಗಡಿಗಳೆಂದರೆ ಇಷ್ಟ. ಹಯಾಶಿಯಲ್ಲಿ ಏನು ನೋಡಬೇಕು? ಮಂಡಿನೋವಿದೆ, ಮಹಡಿ ಹತ್ತಬಹುದೇ? (ಗೃಹಿಣಿ, ಹಾಸನ)

ಅಮ್ಮಾ, ಮಗನನ್ನೂ ಕರೆದುಕೊಂಡೇ ಹೋಗಿ. ಅವನ ಕಾಲೇಜು ರೈಲ್ವೆ ನಿಲ್ದಾಣದ ಹಿಂಬದಿಗಿದೆ, ಹಯಾಶಿ ನಿಲ್ದಾಣದ ಮುಂಬದಿಗೆ. ಅಲ್ಲಿಂದ ನಡೆದೇ ಹೋಗುವಷ್ಟು ದೂರ.

ಹಯಾಶಿ ಬಾಗಿಲು ತೆರೆದದ್ದು 1932ರ ಡಿಸೆಂಬರ್ 5ರಂದು. ತೈವಾನ್ ಆಗ ಜಪಾನಿನ ಆಳ್ವಿಕೆಯಲ್ಲಿತ್ತು. ರಾಜಧಾನಿ ತೈಪೆಯಲ್ಲಿ ಕಿಕುಮೊಟೊ ಎಂಬ ಮಳಿಗೆ ಅದಕ್ಕೆ ಸ್ವಲ್ಪ ಮೊದಲು ಶುರುವಾಗಿತ್ತು. ದಕ್ಷಿಣ ತೈವಾನಿಗೆ ಹಯಾಶಿಯೇ ಮೊದಲನೆಯದು. ಮಾಲೀಕ ಹಯಾಶಿ ಜಪಾನಿನ ಯಮಾಗುಚಿ ಕಡೆಯಿಂದ ಬಂದು ಬಟ್ಟೆ ವ್ಯಾಪಾರದಲ್ಲಿ ಮೇಲೆ ಬಂದವರು. ಮಳಿಗೆ ಶುರುವಾದ ಹೊತ್ತಿಗೇ ಅವರು ತೀರಿಕೊಂಡರು. ಆಮೇಲೆ ಯುದ್ಧ ಮುಗಿಯುವ ತನಕ ಇಡೀ ವ್ಯಾಪಾರವನ್ನು ನಡೆಸಿದ್ದು ಅವರ ಹೆಂಡತಿ. ಈ ಸಂಗತಿ ತಿಳಿದ ಮೇಲೆ ಆ ಕಟ್ಟಡ ನನಗೆ ಇನ್ನೂ ಹತ್ತಿರವಾಯಿತು. ಗಂಡ ಹೋದ ಮೇಲೆ ಅಂಗಡಿಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ವ್ಯವಹಾರ ನಡೆಸಿದ ಹೆಂಗಸರನ್ನು ನಮ್ಮ ಮಂಡಿಪೇಟೆಯಲ್ಲೂ ನೋಡಿದ್ದೇನೆ. ಅದು ಎಷ್ಟು ಕಷ್ಟದ ಕೆಲಸ ಎಂದು ಗೊತ್ತು.

ಊರಿನವರು ಇದನ್ನು ‘ಐದಂತಸ್ತಿನ ಮನೆ’ ಅಂತಲೇ ಕರೆಯುತ್ತಿದ್ದರು. ಸುತ್ತ ಒಂದೆರಡು ಮಹಡಿಯ ಮನೆಗಳಿದ್ದ ಕಾಲ ಅದು. ಅಷ್ಟೆತ್ತರದ ಕಟ್ಟಡದಲ್ಲಿ ಲಿಫ್ಟ್ ಬೇರೆ. ಏನೂ ಕೊಳ್ಳದೆ ಬರೀ ಲಿಫ್ಟಿನಲ್ಲಿ ಮೇಲೆ ಕೆಳಗೆ ಹೋಗಿ ಬರಲೆಂದೇ ಜನ ಹಳ್ಳಿಗಳಿಂದ ಬರುತ್ತಿದ್ದರಂತೆ. ನೀವೂ ಮೊದಲು ಅದರ ಮುಂದೆಯೇ ನಿಂತು ನೋಡಿ. ಬಾಗಿಲ ಮೇಲೆ ಅರ್ಧಚಂದ್ರಾಕಾರದ ಫಲಕವಿದೆ, ಲಿಫ್ಟ್ ಯಾವ ಮಹಡಿಯಲ್ಲಿದೆ ಎಂದು ಅದರೊಳಗೊಂದು ಮುಳ್ಳು ತಿರುಗುತ್ತಾ ತೋರಿಸುತ್ತದೆ. ಯಂತ್ರ ಈಗಿನದೇ, ಫಲಕ ಮಾತ್ರ ಹಳೆಯ ಕಾಲದ ಮಾದರಿಯದು. ಪೆಟ್ಟಿಗೆ ಚಿಕ್ಕದು, ಒಂದು ಸಲಕ್ಕೆ ಕೆಲವರಷ್ಟೇ ಹಿಡಿಸುತ್ತಾರೆ. ಶನಿವಾರ, ಭಾನುವಾರ ಸಾಲು ಉದ್ದ ಇರುತ್ತದೆ. ವಾರದ ದಿನ, ಬೆಳಿಗ್ಗೆ 11ಕ್ಕೆ ಬಾಗಿಲು ತೆಗೆದ ಕೂಡಲೇ ಹೋದರೆ ನಿಮ್ಮ ಮಂಡಿಗೆ ತೊಂದರೆಯಿಲ್ಲ.

ಮೇಲೆ ಹೋಗುವಾಗ ಲಿಫ್ಟ್ ಹಿಡಿಯಿರಿ, ಇಳಿಯುವಾಗ ಒಂದೆರಡು ಮಹಡಿಯಾದರೂ ಮೆಟ್ಟಿಲು ಇಳಿಯಿರಿ. ಈ ಒಂದು ಮಾತನ್ನು ಮರೆಯಬೇಡಿ. ನಮ್ಮ ಹಳೆಯ ಮನೆಗಳಲ್ಲಿ ಮೊಸಾಯಿಕ್ ಅನ್ನುತ್ತಿದ್ದೆವಲ್ಲ, ಕಲ್ಲುಚೂರು ಸೇರಿಸಿ ತಿಕ್ಕಿ ನುಣುಪು ಮಾಡಿದ ನೆಲ, ಅದೇ ಅಲ್ಲೂ ಇದೆ. ಮೆಟ್ಟಿಲ ಪಕ್ಕದ ಕೈಹಿಡಿಯ ಮೇಲೆ ಅಂಗೈ ಇಟ್ಟು ತಿರುವಿನಲ್ಲಿ ಒಂದು ಕ್ಷಣ ನಿಲ್ಲಿ. ಹೊರಗೋಡೆಗೆ ಉದ್ದುದ್ದ ಗೀರುಗಳಿರುವ ಕಂದು ಹೆಂಚಿನ ಬಿಲ್ಲೆ ಹೊದಿಸಿದ್ದಾರೆ, ಬಿಸಿಲು ಓರೆಯಾದಾಗ ಆ ಗೀರುಗಳಲ್ಲಿ ನೆರಳು ಕೂತು ಗೋಡೆಗೆ ನೇಯ್ಗೆ ಬಂದ ಹಾಗಿರುತ್ತದೆ. ವಿನ್ಯಾಸ ಮಾಡಿದವರು ಉಮೆಜಾವಾ ಸುತೆಜಿರೊ. ಹತ್ತಿರದಲ್ಲೇ ಇರುವ 1931ರ ಪೊಲೀಸ್ ಠಾಣೆಯೂ ಅವರದೇ, ಈಗ ಅದು ಕಲಾ ವಸ್ತುಸಂಗ್ರಹಾಲಯದ ಒಂದು ಕಟ್ಟಡ.

ಐದನೇ ಮಹಡಿಯಲ್ಲಿ ಅಂದೂ ಊಟದ ಮನೆ ಇತ್ತು. ತಾರಸಿ ಅದರ ಮೇಲೆ. ಅಲ್ಲಿ ಜಪಾನಿ ಶಿಂಟೋ ಪಂಥದ ಒಂದು ಪುಟ್ಟ ಗುಡಿಯ ಅವಶೇಷ ಉಳಿದಿದೆ, ಎದುರಿಗೆ ಕಮಾನು. ವ್ಯಾಪಾರ ಚೆನ್ನಾಗಿ ಆಗಲಿ ಎಂದು ಬೇಡಿಕೊಳ್ಳುವ ಇನಾರಿ ದೇವರ ಗುಡಿ ಅದು, 1933ರದ್ದು. ಗಲ್ಲಾಪೆಟ್ಟಿಗೆಗೆ ಕುಂಕುಮ ಹಚ್ಚಿ ಬಾಗಿಲು ತೆಗೆಯುವ ಮನೆಯಿಂದ ಬಂದ ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಅಲ್ಲಿಂದ ನಾಲ್ಕು ಹೆಜ್ಜೆ ಆಚೆಗೆ 1945ರ ಮಾರ್ಚ್ 1ರಂದು ಅಮೆರಿಕದ ವಿಮಾನಗಳು ಹಾಕಿದ ಬಾಂಬಿನ ಗುರುತು. ಒಡೆದ ಕಾಂಕ್ರೀಟು, ಗೋಡೆಯಲ್ಲಿ ತೂತುಗಳು. ದುರಸ್ತಿ ಮಾಡಿದವರು ಅದನ್ನು ಮೆತ್ತಿ ಮುಚ್ಚಲಿಲ್ಲ, ಹಾಗೇ ಉಳಿಸಿದ್ದಾರೆ. ಈ ಒಂದು ನಿರ್ಧಾರಕ್ಕಾಗಿ ಅವರಿಗೆ ಕೈ ಮುಗಿಯಬೇಕು. ಬಣ್ಣ ಹೊಡೆದು ಹೊಸದು ಮಾಡುವುದು ಎಷ್ಟೋ ಸುಲಭವಿತ್ತು.

ಯುದ್ಧವಾದ ಮೇಲೆ ಅಂಗಡಿ ಅಂಗಡಿಯಾಗಿ ಉಳಿಯಲಿಲ್ಲ. ಸರ್ಕಾರಿ ಉಪ್ಪಿನ ಸಂಸ್ಥೆ, ವಾಯುಪಡೆ, ಪೊಲೀಸರು ಎಂದು ಕೈ ಬದಲಾಗಿ, ಕೊನೆಗೆ ಬಹುಕಾಲ ಖಾಲಿ ಬಿತ್ತು. 1998ರಲ್ಲಿ ನಗರ ಅದನ್ನು ಸ್ಮಾರಕ ಎಂದು ಸಾರಿತು. 2010ರ ನಂತರ ದುರಸ್ತಿ ನಡೆದು 2014ರ ಜೂನ್‌ನಲ್ಲಿ ಮತ್ತೆ ಅಂಗಡಿಯಾಗಿಯೇ ತೆರೆಯಿತು. ಟಿಕೆಟ್ ತೆಗೆದುಕೊಂಡು ನೋಡುವ ಮ್ಯೂಸಿಯಂ ಮಾಡದೆ, ಮಾರಾಟದ ಜಾಗವಾಗಿ ಇಟ್ಟರಲ್ಲ, ಅದು ದೊಡ್ಡದು.

ಪ್ರಶ್ನೆ: ಜಪಾನಿಯರು ತೈವಾನನ್ನು ಆಳಿದವರು. ಆಳಿದವರ ಅಂಗಡಿಯನ್ನು ಆ ಊರಿನವರು ಇಷ್ಟು ಮುದ್ದಾಗಿ ಕಾಪಾಡುವುದು ಸರಿಯೇ? (ಇತಿಹಾಸ ವಿದ್ಯಾರ್ಥಿ, ಮೈಸೂರು)

ಕೇಳಲೇಬೇಕಾದ ಪ್ರಶ್ನೆ. ಜಪಾನ್ ಆಳಿದ್ದು 1895ರಿಂದ 1945ರವರೆಗೆ. ಹಯಾಶಿ ಇದ್ದ ಬೀದಿಯನ್ನು ಆಗ ತೈನಾನ್‌ನ ಗಿಂಜಾ ಅನ್ನುತ್ತಿದ್ದರು, ಟೋಕಿಯೋದ ಸಿರಿವಂತ ಬೀದಿಯ ಹೆಸರಿನಲ್ಲಿ. ಅಲ್ಲಿ ಕೊಂಡುಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ. ಹಾಗಿದ್ದೂ ಇಂದಿನ ಅಜ್ಜ ಅಜ್ಜಿಯರು ಲಿಫ್ಟ್ ಏರಿದ್ದನ್ನು ಹಬ್ಬದ ಹಾಗೆ ನೆನೆಯುತ್ತಾರೆ. ಯಾಕೆ ಎಂದು ತಿಳಿಯಬೇಕಾದರೆ ಆಮೇಲೆ ಆದದ್ದನ್ನೂ ನೋಡಬೇಕು. ಜಪಾನಿಯರು ಹೋದ ಮೇಲೆ ಚೀನಾದಿಂದ ಬಂದ ಸರ್ಕಾರದ ವಿರುದ್ಧ 1947ರಲ್ಲಿ ಜನ ತಿರುಗಿಬಿದ್ದರು, ಅದನ್ನು ರಕ್ತ ಹರಿಸಿ ಅಡಗಿಸಿದರು. 1949ರಿಂದ 1987ರವರೆಗೆ ಸೇನಾಡಳಿತದ ಕಾನೂನು. ಅಷ್ಟು ಕಾಲ ಬಾಯಿ ಕಟ್ಟಿಕೊಂಡು ಬಾಳಿದವರಿಗೆ ಅದಕ್ಕೂ ಹಿಂದಿನ ಬಾಲ್ಯ ಬೆಳ್ಳಗೆ ಕಂಡರೆ ಆಶ್ಚರ್ಯವಿಲ್ಲ.

ಹಯಾಶಿಯಿಂದ ಕೆಲವೇ ನಿಮಿಷ ನಡೆದರೆ ಏಳು ರಸ್ತೆ ಕೂಡುವ ವೃತ್ತ, ನಡುವೆ ಉದ್ಯಾನ. ತಾಂಗ್ ತೆ-ಚಾಂಗ್ ಎಂಬ ವಕೀಲರನ್ನು 1947ರ ಮಾರ್ಚ್ 13ರಂದು ಅಲ್ಲೇ ಗುಂಡಿಟ್ಟು ಕೊಂದರು. ಅವರ ತಂದೆ ಜಪಾನಿ ಪೊಲೀಸ್, 1915ರಲ್ಲಿ ಜಪಾನಿಯರ ವಿರುದ್ಧ ಎದ್ದ ದಂಗೆಯಲ್ಲಿ ಸತ್ತವರು, ತಾಯಿ ತೈವಾನಿನವರು. ಒಂದೇ ಮನೆಯಲ್ಲಿ ಎರಡೂ ಕಡೆಯ ಹಿಂಸೆ. ಇನ್ನು, 2018ರಲ್ಲಿ ಹಯಾಶಿಯ ಎದುರಿನ ಮೂಲೆಯಲ್ಲೇ, ಜಪಾನಿ ಸೇನೆ ಲೈಂಗಿಕ ಗುಲಾಮಗಿರಿಗೆ ತಳ್ಳಿದ ಹೆಣ್ಣುಮಕ್ಕಳ ನೆನಪಿಗೆ ಒಂದು ಪ್ರತಿಮೆ ನಿಲ್ಲಿಸಿದರು. ತೈವಾನಿನಲ್ಲಿ ಅಂಥದ್ದು ಅದೇ ಮೊದಲು. ಆಗ ಬೀದಿಯ ಈಚೆ ಉಡುಗೊರೆ ಕೊಳ್ಳುವ ಜನ ಇದ್ದರೆ, ಆಚೆ ಆ ಪ್ರತಿಮೆ ಇತ್ತು.

ಹಾಗಾಗಿ ಆ ಕಟ್ಟಡವನ್ನು ಉಳಿಸಿದ್ದು ಸರಿ ಎಂದೇ ನನ್ನ ಮಾತು. ಅದನ್ನು ಕೆಡವಿದ್ದರೆ ಈ ಪ್ರಶ್ನೆಯನ್ನು ನೀವು ಮೈಸೂರಿನಲ್ಲಿ ಕೂತು ಕೇಳುತ್ತಿರಲಿಲ್ಲ. ಆದರೆ ಒಳಗಿನ ಅಲಂಕಾರದಲ್ಲಿ ಹಳೆಯ ಕಾಲದ ಚೆಂದವಷ್ಟೇ ತುಂಬಿಕೊಂಡಿದೆ, ಅಂದಿನ ನೋವಿಗೆ ಜಾಗ ಕಡಿಮೆ. ತಾರಸಿಗೆ ಹೋಗದೆ ಕೆಳಗಿಂದಲೇ ವಾಪಸ್ಸಾದವರಿಗೆ ಅರ್ಧ ಕಥೆ ಮಾತ್ರ ಸಿಗುತ್ತದೆ.

ಪ್ರಶ್ನೆ: ಕಂಪನಿ ಕೆಲಸಕ್ಕೆ ತೈನಾನ್‌ನ ಸೈನ್ಸ್ ಪಾರ್ಕಿಗೆ ಹೋಗುತ್ತಿದ್ದೇನೆ. ಬಿಡುವು ಸಿಗುವುದು ಒಂದು ಮಧ್ಯಾಹ್ನ ಮತ್ತು ಸಂಜೆ. ಹೇಗೆ ಸುತ್ತಲಿ? (ಎಂಜಿನಿಯರ್, ಬೆಂಗಳೂರು)

ಹೈಸ್ಪೀಡ್ ರೈಲಿನ ತೈನಾನ್ ನಿಲ್ದಾಣ ಊರಿಂದ ದೂರ. ಅಲ್ಲಿ ಇಳಿದರೆ ಪಕ್ಕದ ಶಾಲುನ್ ನಿಲ್ದಾಣದಿಂದ ಲೋಕಲ್ ರೈಲು ಹಿಡಿದು ಹಳೆಯ ತೈನಾನ್ ನಿಲ್ದಾಣಕ್ಕೆ ಬನ್ನಿ, ಅರ್ಧ ಗಂಟೆಯೂ ಬೇಕಾಗದು. ಅಲ್ಲಿಂದ ಝೊಂಗ್‌ಶಾನ್ ರಸ್ತೆಯಲ್ಲಿ ನೆಟ್ಟಗೆ ನಡೆದರೆ ಮೇಲೆ ಹೇಳಿದ ವೃತ್ತ. ಅಲ್ಲಿ 1916ರ ಹಳೆಯ ಜಿಲ್ಲಾ ಕಚೇರಿ ಈಗ ತೈವಾನ್ ಸಾಹಿತ್ಯ ವಸ್ತುಸಂಗ್ರಹಾಲಯ. ಮುಂದೆ ಝೊಂಗ್‌ಝೆಂಗ್ ರಸ್ತೆ ಹಿಡಿದರೆ ಹಯಾಶಿ ಮೂಲೆಯಲ್ಲೇ ಸಿಗುತ್ತದೆ. ಎದುರಿಗಿರುವ ದಪ್ಪ ಕಂಬಗಳ ಕಟ್ಟಡ 1937ರ ಬ್ಯಾಂಕು, ಈಗಲೂ ಬ್ಯಾಂಕೇ. ಅದರ ಜಗುಲಿಯ ಚಾವಣಿಯಲ್ಲಿ ಬಾನಾಡಿ ಹಕ್ಕಿಗಳ ಗೂಡುಗಳಿವೆ, ಕತ್ತೆತ್ತಿ ನೋಡಿ.

ಅಲ್ಲಿಂದ ಪಶ್ಚಿಮಕ್ಕೆ ಹೋಗಿ. ಹಯಾಶಿಯಲ್ಲಿ ಇವತ್ತು ಮಾರುವುದು ಹೆಚ್ಚಾಗಿ ಪ್ರವಾಸಿಗರಿಗೆ ಬೇಕಾದ ಸಾಮಾನು: ಚೆಂದದ ಡಬ್ಬಿಯ ತಿಂಡಿ, ಚಹಾ, ಕಸೂತಿ ಚೀಲ. ಊರಿನವರು ದಿನದ ಖರ್ಚಿಗೆ ಅಲ್ಲಿ ಬರುವುದಿಲ್ಲ, ಇದು ನನಗೆ ಬೇಸರದ ವಿಷಯವೇ. ಊರಿನ ನಿಜವಾದ ವ್ಯಾಪಾರ ನೋಡಲು 1905ರಲ್ಲಿ ಶುರುವಾದ ಪಶ್ಚಿಮ ಮಾರುಕಟ್ಟೆಯ ಸುತ್ತಮುತ್ತ ಹೋಗಬೇಕು. ಅಲ್ಲಿ ಬಟ್ಟೆ ಅಂಗಡಿಗಳ ಸಾಲಿದೆ. ಥಾನುಗಳನ್ನು ನಿಲ್ಲಿಸಿಟ್ಟಿರುತ್ತಾರೆ, ಗಜದ ಲೆಕ್ಕದಲ್ಲಿ ಅಳೆದು ಕತ್ತರಿಸಿ ಕೊಡುತ್ತಾರೆ. ಒಬ್ಬ ವಯಸ್ಸಾದ ಹೆಂಗಸು ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಬೆಳಕಿಗೆ ಹಿಡಿದು, ಕೊನೆಗೆ ಬೇಡವೆಂದು ತಲೆಯಾಡಿಸಿದ್ದನ್ನು ನೋಡುತ್ತಾ ನಿಂತಿದ್ದೆ. ಅಂಗಡಿಯಾತ ಮುಖ ಸಿಂಡರಿಸದೆ ಇನ್ನೊಂದು ಥಾನು ಬಿಚ್ಚಿದ. ಅಪ್ಪ ನಮಗೆ ಕಲಿಸಿದ್ದು ಇದನ್ನೇ.

ಝೊಂಗ್‌ಝೆಂಗ್ ರಸ್ತೆ ಮುಗಿಯುವಲ್ಲಿ 1983ರಲ್ಲಿ ಕಟ್ಟಿದ ಒಂದು ದೊಡ್ಡ ಮಾಲ್ ಇತ್ತು. ಕಾಲ ಕಳೆದ ಹಾಗೆ ಗಿರಾಕಿಗಳು ಬಿಟ್ಟು ಪಾಳುಬಿತ್ತು. ಅದನ್ನು ಕೆಡವಿ, ನೆಲಮಾಳಿಗೆಯ ಗುಂಡಿಯನ್ನೇ ನೀರಿನ ಚೌಕವನ್ನಾಗಿ ಮಾಡಿ 2020ರಲ್ಲಿ ಜನರಿಗೆ ಬಿಟ್ಟರು. ವಿನ್ಯಾಸ ನೆದರ್‌ಲೆಂಡ್ಸಿನ ಎಂವಿಆರ್‌ಡಿವಿ ಸಂಸ್ಥೆಯದು. ಹಳೆಯ ಮಾಲಿನ ಕೆಲವು ಕಂಬ ತೊಲೆಗಳು ಹಾಗೇ ನಿಂತಿವೆ, ಸಂಜೆ ಮಕ್ಕಳು ನೀರಲ್ಲಿ ಆಡುತ್ತಿರುತ್ತಾರೆ. ಹೊಸ ಮಾಲೇ ಬೇಕೆಂದರೆ ಶಿಮೆನ್ ರಸ್ತೆಯ ಮಿತ್ಸುಕೋಶಿ ಇದೆ, ಹಿಂದೆ ಜೈಲು ಇದ್ದ ಜಾಗದಲ್ಲಿ.

ಪ್ರಶ್ನೆ: ತೈಪೆಯ ಕಿಕುಮೊಟೊ ಈಗಲೂ ಇದೆಯೇ? ಬೇರೆ ಊರುಗಳಲ್ಲಿ? (ಮಂಗಳೂರು)

ಕಟ್ಟಡ ಹೆಂಗ್ಯಾಂಗ್ ರಸ್ತೆಯಲ್ಲಿದೆ, ಅಂಗಡಿ ಇಲ್ಲ. ಹೊರಮೈಗೆ ಗಾಜಿನ ಹೊದಿಕೆ ಹಾಕಿ ದಶಕಗಳ ಕಾಲ ಅದರ ಗುರುತೇ ಸಿಗದಂತೆ ಮಾಡಿದ್ದರು. ದಕ್ಷಿಣದ ಬಂದರು ನಗರ ಕಾವೋಶ್ಯುಂಗ್‌ನಲ್ಲಿ 1958ರ ದಾಶಿನ್ ಮಳಿಗೆ ಹೆಸರಾಗಿತ್ತು, ತೈವಾನಿನ ಮೊದಲ ಎಸ್ಕಲೇಟರ್ ಅಲ್ಲೇ. ಒಂದೇ ಊರಿಗೆ ಹೋಗಲು ಸಾಧ್ಯವಾದರೆ ತೈನಾನ್‌ಗೇ ಹೋಗಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಅಂಗಡಿ ಸುತ್ತುವಾಗ ಏನು ತಿನ್ನುವುದು? ಏನು ಕೊಳ್ಳುವುದು? (ದಂಪತಿ, ಶಿವಮೊಗ್ಗ)

ಬೌದ್ಧ ಸಸ್ಯಾಹಾರಿ ಹೋಟೆಲುಗಳು ಅಲ್ಲಿ ಬೇಕಾದಷ್ಟಿವೆ. ಬೋರ್ಡಿನ ಮೇಲೆ ಸ್ವಸ್ತಿಕ ಕಂಡರೆ ಧೈರ್ಯವಾಗಿ ಒಳಗೆ ಹೋಗಿ, ಅಲ್ಲಿ ಸಾಮಾನ್ಯವಾಗಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಹಾಲು, ಮೊಟ್ಟೆ ಇರಬಹುದು, ಮೊಟ್ಟೆ ಬೇಡವೆಂದರೆ ಮೊದಲೇ ಹೇಳಿ. ಬೀದಿಬದಿಯ ನೂಡಲ್ಸ್‌ನಲ್ಲಿ ಮಾಂಸ ಕಾಣದಿದ್ದರೂ ಸಾರು ಹಂದಿಯ ಮೂಳೆಯದಿರುತ್ತದೆ, ಎಚ್ಚರ. ತಂಪಿಗೆ ಬೂದುಗುಂಬಳದ ಚಹಾ ಕುಡಿಯಿರಿ. ನಾವು ಕಾಶಿ ಹಲ್ವ ಮಾಡುವ ಅದೇ ಬೂದುಗುಂಬಳವನ್ನು ಸಕ್ಕರೆ ಹಾಕಿ ಕುದಿಸಿ ಅಚ್ಚಿನ ಹಾಗೆ ಗಟ್ಟಿ ಮಾಡುತ್ತಾರೆ, ಅದನ್ನು ನೀರಲ್ಲಿ ಕರಗಿಸಿದರೆ ಪಾನಕ ಸಿದ್ಧ. ಆ ಅಚ್ಚುಗಳು ಪೊಟ್ಟಣದಲ್ಲೂ ಸಿಗುತ್ತವೆ, ಮನೆಗೆ ತರಲು ಅದಕ್ಕಿಂತ ಒಳ್ಳೆಯದಿಲ್ಲ.

ಇನ್ನೊಂದು ಕ್ಯಾನ್ವಾಸ್ ಚೀಲ. ಶಾಲೆ ಮಕ್ಕಳ ಪಾಟಿಚೀಲ ಹೊಲಿಯುತ್ತಿದ್ದ ಹಳೆಯ ಅಂಗಡಿಗಳು ಅಲ್ಲಿ ಇನ್ನೂ ಇವೆ. ಹೊಲಿಗೆಯನ್ನು ಒಳಗಿನಿಂದ ತಿರುಗಿಸಿ ನೋಡಿ: ಮೂಲೆಯಲ್ಲಿ ಎರಡು ಸಾಲು ದಾರ ಓಡಿದ್ದರೆ ತೆಗೆದುಕೊಳ್ಳಿ. ತೆರಿಗೆ ವಾಪಸಾತಿಯ ಗುರುತಿರುವ ಒಂದೇ ಅಂಗಡಿಯಲ್ಲಿ ಒಂದೇ ದಿನ 2,000 ತೈವಾನ್ ಡಾಲರ್‌ಗೆ ಕಡಿಮೆಯಿಲ್ಲದಂತೆ ಕೊಂಡರೆ ಪ್ರವಾಸಿಗರಿಗೆ ತೆರಿಗೆ ಹಣ ಹಿಂದಿರುಗುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ವೀಸಾಕ್ಕೆ ಸಂಬಂಧಿಸಿದ ಕೆಲಸ ನಮ್ಮ ಕಡೆಯವರಿಗೆ ಚೆನ್ನೈನ ತೈವಾನ್ ಕೇಂದ್ರದಲ್ಲಿ ಆಗುತ್ತದೆ. ಹೊರಡುವ ಮುಂಚೆ ಸಾಕಷ್ಟು ಸಮಯ ಇಟ್ಟುಕೊಂಡೇ ಅರ್ಜಿ ಹಾಕಿ.